ಎಲ್ಲ ಪರದೆಗಳಲ್ಲೂ ಒಂದೇ ಮಾತು

ಬಡ್ತಿ ಸಿಕ್ಕಿದವನ ಮುಖ ಹೀಗಿರುತ್ತದೆಯೇ ಎಂದು ಅದಾಮಾ ಪಟ್ಟಣದ ಆ ಬಿಸ್ಕತ್ತು ಕಾರ್ಖಾನೆಯಲ್ಲಿ ಎಲ್ಲರಿಗೂ ಸೋಜಿಗ. ಮೊಗೆಸ್‌ಗೆ ಮೇಲಂತಸ್ತಿನ ಗಾಜಿನ ಕೋಣೆ ಕೊಟ್ಟಿದ್ದರು, ತಿರುಗುವ ಕುರ್ಚಿ ಕೊಟ್ಟಿದ್ದರು, ತಣ್ಣನೆ ಗಾಳಿ ಬೇರೆ. ಆ ಪುಣ್ಯಾತ್ಮ ಮಾತ್ರ ಹಲ್ಲುನೋವು ಬಂದವರ ಹಾಗೆ ಕೂತಿದ್ದ.

ಕಾರಣ ಹೇಳುತ್ತೇನೆ, ನಗಬೇಡಿ. ಮೊನ್ನೆ ಮೊನ್ನೆಯವರೆಗೆ ಅಲ್ಲಿ ಒಂದೊಂದು ಯಂತ್ರಕ್ಕೂ ಅದರದೇ ಕಂಪ್ಯೂಟರ್ ಇತ್ತು. ಹಿಟ್ಟು ಕಲಸುವಲ್ಲಿ ಒಂದು, ಒಲೆಯ ಬಳಿ ಒಂದು, ಪ್ಯಾಕಿಂಗ್ ಮೇಜಿಗೆ ಒಂದು. ಬಿಸ್ಕತ್ತು ಕಾರ್ಖಾನೆಯಲ್ಲಿ ಹಿಟ್ಟಿನ ಧೂಳು ಎಲ್ಲಿಗೆ ನುಗ್ಗುವುದಿಲ್ಲ ಹೇಳಿ! ಕಂಪ್ಯೂಟರ್‌ಗಳ ಹೊಟ್ಟೆಯೊಳಗೂ ಹೋಗಿ ಕೂರುತ್ತಿತ್ತು. ಅವು ಬಿಸಿಯಾಗಿ ಮುಷ್ಕರ ಹೂಡಿದಾಗಲೆಲ್ಲ ಮೊಗೆಸ್ ಬ್ರಷ್ಷು ಹಿಡಿದು ಓಡಬೇಕು. ದಿನವಿಡೀ ಅದೇ ಪ್ರದಕ್ಷಿಣೆ. ಆ ಪ್ರದಕ್ಷಿಣೆ ಮುಗಿಯುತ್ತಿದ್ದದ್ದು ಪ್ಯಾಕಿಂಗ್ ಮೇಜಿನಲ್ಲಿ, ಎಲ್ಫಿನೆಷ್ ಎಂಬಾಕೆ ಇದ್ದ ಕಡೆ. ಅಲ್ಲಿನ ಧೂಳು ಒರೆಸುವುದಕ್ಕೆ ಅವನಿಗೆ ಬೇರೆಲ್ಲ ಕಡೆಗಿಂತ ಎರಡು ಪಟ್ಟು ಹೊತ್ತು ಬೇಕಾಗುತ್ತಿತ್ತು.

ನಲವತ್ತು ದಾಟಿದ ಗಂಡಸು. ಅವಳ ಮುಂದೆ ಧೂಳಿನ ಬಗ್ಗೆ ಮಾತಾಡಿದ, ಮಳೆಯ ಬಗ್ಗೆ ಮಾತಾಡಿದ. ಆಡಬೇಕಾದ ಮಾತು ಮಾತ್ರ ಗಂಟಲು ದಾಟಲಿಲ್ಲ. ನಾಳೆ ಹೇಗೂ ಬರುತ್ತೇನಲ್ಲ ಎಂಬ ಧೈರ್ಯ.

ಅಷ್ಟರಲ್ಲಿ ರಾಜಧಾನಿಯಿಂದ ಎಂಜಿನಿಯರ್ ಬೆಟೆಲ್ ಬಂದಳು. ಚುರುಕಿನ ಹುಡುಗಿ. ಕೆಳಗಿದ್ದ ಕಂಪ್ಯೂಟರ್‌ಗಳನ್ನೆಲ್ಲ ಕಿತ್ತು ಹಾಕಿ, ಮೇಲೊಂದು ತಣ್ಣನೆಯ ಕೋಣೆಯಲ್ಲಿ ಒಂದೇ ಒಂದು ದೊಡ್ಡ ಸರ್ವರ್ ಇಟ್ಟಳು. ಯಂತ್ರಗಳ ಪಕ್ಕ ಉಳಿದದ್ದು ಬರೀ ಪರದೆಗಳು. "ತಲೆಯೆಲ್ಲ ಇಲ್ಲಿದೆ ಗಾಶೆ, ಕೆಳಗಿರೋದು ಮುಖ ಅಷ್ಟೆ," ಎಂದಳು, ದೊಡ್ಡವರನ್ನು ಕರೆಯುವ ಹಾಗೆ ಕರೆದು. "ಮುಖಕ್ಕೆ ಧೂಳು ಕೂತ್ರೆ ಯಾರಾದ್ರೂ ಬಟ್ಟೇಲಿ ಒರೆಸ್ತಾರೆ. ಒಡೆದೋದ್ರೆ ಬೇರೆ ಹಾಕಿದ್ರಾಯ್ತು. ಇನ್ನು ನೀವು ಮೇಲೆ ಕೂತು ಎಲ್ಲಾ ನೋಡ್ಕೊಂಡ್ರೆ ಸಾಕು, ಓಡಾಡೋದೇ ಬೇಡ!"

ಓಡಾಡುವುದೇ ಬೇಡ! ಅವಳು ವರ ಕೊಟ್ಟೆ ಎಂದುಕೊಂಡಿದ್ದಳು. ಮೊಗೆಸ್‌ಗೆ ಕಣ್ಣಿಗೆ ಕಟ್ಟಿದ್ದು ಪ್ಯಾಕಿಂಗ್ ಮೇಜು.

ಗಾಜಿನ ಕೋಣೆಯ ಪರದೆಯಲ್ಲಿ ಎಲ್ಲ ಕಾಣುತ್ತಿತ್ತು, ಒಲೆಯ ಕಾವು, ಬಿಸ್ಕತ್ತು ಸಾಗುವ ಪಟ್ಟಿಯ ಓಟ, ಡಬ್ಬಿಗಳ ಎಣಿಕೆ. ಎಲ್ಫಿನೆಷ್ ಮಾತ್ರ ಗಾಜಿನಾಚೆ ದೂರದ ಒಂದು ಬಿಳಿ ಟೊಪ್ಪಿಯಾಗಿದ್ದಳು. ಕೆಳಗೆ ಎಲ್ಲ ಹೆಂಗಸರದ್ದೂ ಬಿಳಿ ಟೊಪ್ಪಿಯೇ. ಎರಡು ಸಲ ಬೇರೆ ಯಾರನ್ನೋ ಅವಳೆಂದುಕೊಂಡು ಕೈ ಬೀಸಿ ಪೆಚ್ಚಾದ. ಹೀಗೇ ಕೂತರೆ ಅವಳು ಇನ್ಯಾರದೋ ಮನೆ ಸೇರುವುದನ್ನೂ ಇಲ್ಲಿಂದಲೇ ನೋಡಬೇಕಾಗುತ್ತದೆ ಎಂದು ಅವನಿಗೆ ಹೊಳೆಯಿತು.

ಹಳೆಯ ಕಂಪ್ಯೂಟರ್‌ಗಳಲ್ಲಿ ಪಾಳಿಯವರು ಒಬ್ಬರಿಗೊಬ್ಬರು ಸಂದೇಶ ಬರೆದಿಡುತ್ತಿದ್ದರು. 'ಒಲೆ ಸ್ವಲ್ಪ ಜಾಸ್ತಿ ಉರೀತಿದೆ, ನೋಡ್ಕೊಳ್ಳಿ' ಅಂತಲೋ, 'ನನ್ನ ಕೊಡೆ ಯಾರು ಒಯ್ದಿದ್ದು' ಅಂತಲೋ. ಆ ಯಂತ್ರದಲ್ಲಿ ಬರೆದದ್ದು ಆ ಯಂತ್ರದವರಿಗೇ. ಹೊಸದರಲ್ಲೂ ಅಂಥ ಜಾಗವಿತ್ತು. ಆ ಗುರುವಾರ ಮೊಗೆಸ್ ತನ್ನ ಪರದೆಯಲ್ಲಿ ಪ್ಯಾಕಿಂಗ್ ಮೇಜಿನ ಪುಟ ತೆರೆದು ಬರೆದ: 'ಎಲ್ಫಿನೆಷ್, ಭಾನುವಾರ ನಿಮ್ಮ ಮನೆಗೆ ಹಿರಿಯರನ್ನು ಕಳಿಸಿದರೆ ಬಾಗಿಲು ತೆಗೆಯುತ್ತೀರಾ? ಇತಿ ಮೊಗೆಸ್.'

ಕಳಿಸುವ ಗುಂಡಿ ಒತ್ತಿಯೇ ಬಿಟ್ಟ.

ತಲೆ ಒಂದೇ ಅಲ್ಲವೇ? ತಲೆಗೆ ಬಂದದ್ದು ಎಲ್ಲ ಮುಖಗಳಲ್ಲೂ ಕಂಡಿತು. ಹಿಟ್ಟಿನ ಉಗ್ರಾಣ, ಒಲೆ, ಪ್ಯಾಕಿಂಗ್, ಕೊನೆಗೆ ಗೇಟಿನ ಕಾವಲುಗಾರನ ಪರದೆಯಲ್ಲೂ ಹಳದಿ ಪಟ್ಟಿಯಲ್ಲಿ ಮೊಗೆಸ್‌ನ ಮನಸ್ಸು ಮಿನುಗತೊಡಗಿತು. ಕೆಳಗೆ ಬಿಳಿ ಟೊಪ್ಪಿಗಳೆಲ್ಲ ಒಟ್ಟಿಗೆ ಗಾಜಿನ ಕೋಣೆಯತ್ತ ತಿರುಗಿದವು. ಒಲೆಯ ಬಳಿ ಯಾವಳೋ ನಾಲಿಗೆ ಆಡಿಸಿ "ಇಲಿಲಿಲಿಲಿ" ಎಂದು ಶುಭದ ಕೂಗು ಹಾಕಿದಳು, ಉಳಿದವರು ಸುಮ್ಮನಿರುತ್ತಾರೆಯೇ? ಮದುವೆ ಮನೆಯೇ ಆಯಿತು.

ಬೆಟೆಲ್ ಏದುಸಿರು ಬಿಡುತ್ತ ಓಡಿಬಂದಳು. "ಗಾಶೆ, ಸಂದೇಶ ಬರೆದ್ರೆ ಎಲ್ಲಾ ಕಡೆ ಹೋಗುತ್ತೆ ಅಂತ ಬಡ್ಕೊಂಡಿದ್ನಲ್ಲ! ಅಳಿಸಿಬಿಡ್ಲಾ?"

ಮೊಗೆಸ್‌ಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಆದರೆ ಅಳಿಸಿದರೆ? ಇಷ್ಟು ವರ್ಷ ನುಂಗಿಕೊಂಡ ಮಾತನ್ನು ಮತ್ತೆ ನುಂಗಿದಂತೆ. "ಬೇಡಮ್ಮ," ಎಂದ. "ಸುಳ್ಳೇನೂ ಬರೆದಿಲ್ವಲ್ಲ. ಇರ್ಲಿ ಬಿಡು."

"ಹಾಗಿದ್ರೆ ಇಲ್ಯಾಕೆ ಕೂತಿದ್ದೀರಿ? ಕೆಳಗೆ ಹೋಗಿ!"

"ಕುರ್ಚಿ ಬಿಟ್ಟು ಹೇಗಮ್ಮ ಹೋಗ್ಲಿ? ಒಲೆ ನೋಡೋರ್ಯಾರು?"

ಬೆಟೆಲ್ ಹಣೆ ಚಚ್ಚಿಕೊಂಡಳು. "ಅಯ್ಯೋ ಗಾಶೆ! ಅಲ್ಲಿರೋ ಯಾವ ಪರದೇಲಾದ್ರೂ ನಿಮ್ಮ ಹೆಸರು ಹಾಕಿ, ಈ ಕೋಣೇಲಿರೋದೆಲ್ಲ ಅಲ್ಲಿಗೇ ಬರುತ್ತೆ. ಅದಕ್ಕೇ ತಾನೇ ಇಷ್ಟೆಲ್ಲ ಮಾಡಿದ್ದು?"

ಅವನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಪ್ಯಾಕಿಂಗ್ ಮೇಜಿನ ಮುಂದೆ ಮೂವರು ಸಾಲಾಗಿ ನಿಂತಿದ್ದರು. ಉಗ್ರಾಣದ ಶಿಫೆರಾ, ಒಲೆಯ ಮುದುಕ, ಗೇಟಿನ ಕಾವಲುಗಾರ. ಶಿಫೆರಾನ ಹುಬ್ಬಿನ ತುಂಬ ಹಿಟ್ಟು. ಯಾರೂ ಕಳಿಸಿರಲಿಲ್ಲ, ತಾವೇ ಹಿರಿಯರಾಗಿಬಿಟ್ಟಿದ್ದರು. ಅಲ್ಲಿನ ಪದ್ಧತಿಯಲ್ಲಿ ಹೆಣ್ಣು ಕೇಳಲು ಬಂದ ಹಿರಿಯರು ಒಪ್ಪಿಗೆ ಸಿಗುವವರೆಗೆ ಕೂರುವುದಿಲ್ಲ, ಕೂತರೆ ಒಪ್ಪಿಗೆ ಸಿಕ್ಕಂತೆ.

ಎಲ್ಫಿನೆಷ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಭಾನುವಾರ ಮನೆಗೆ ಬರ್ತೀವಿ ಅಂತ ಬರೆದು ಗುರುವಾರಾನೇ ಇಲ್ಲಿಗೆ ಬಂದಿದ್ದೀರಲ್ಲ!"

"ಭಾನುವಾರದವರೆಗೆ ತಡ್ಕೊಳ್ಳೋಕೆ ನಮ್ಮ ಕೈಲಾಗ್ಲಿಲ್ಲ ಮಗಳೇ," ಎಂದ ಶಿಫೆರಾ. "ಒಳ್ಳೆ ಹುಡುಗ."

"ಹುಡುಗಾನಾ? ತಲೇಲಿ ಬಿಳಿ ಕೂದ್ಲಿದೆ!"

"ಅದು ಹಿಟ್ಟಿನ ಧೂಳು ಕಣಮ್ಮ!"

ಸುತ್ತ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವಳು ನಗಲಿಲ್ಲ. ಮೊಗೆಸ್‌ನ ಕಡೆ ತಿರುಗಿದಳು, ದನಿ ತುಸು ತಗ್ಗಿತು. "ದಿನಾ ಬರ್ತಿದ್ರಿ. ಗಾಜಿನ ಕೋಣೆ ಸಿಕ್ಕಿದ್ದೇ ಸಿಕ್ಕಿದ್ದು, ಈ ಕಡೆ ತಲೆ ಹಾಕ್ಲಿಲ್ಲ. ದೊಡ್ಡೋರಾಗ್ಬಿಟ್ರು ಅಂದ್ಕೊಂಡು ಎಷ್ಟು ಅತ್ತಿದ್ದೀನಿ ಗೊತ್ತಾ? ಮದುವೆ ಆದ್ಮೇಲೂ ಹೀಗೇನಾ, ನೀವು ಅಟ್ಟದ ಮೇಲೆ, ನಾನು ಕೆಳಗೆ?"

ಮೊಗೆಸ್ ಅವಳ ಮೇಜಿನ ಪರದೆಯ ಮುಂದೆ ನಿಂತು ತನ್ನ ಹೆಸರು ಒತ್ತಿದ. ಗಾಜಿನ ಕೋಣೆ ಇಡಿಯಾಗಿ ಅಲ್ಲಿಗೆ ಬಂದು ಕೂತಿತು, ಒಲೆ, ಪಟ್ಟಿ, ಡಬ್ಬಿ ಎಲ್ಲವೂ. ಒಲೆಯ ಕಾವು ಸ್ವಲ್ಪ ಏರಿತ್ತು. ಅಲ್ಲಿಂದಲೇ ಇಳಿಸಿದ.

"ಆ ಕುರ್ಚಿ ಅಲ್ಲೇ ಇರ್ಲಿ," ಎಂದ ಕೊನೆಗೂ. "ನಾನಿನ್ನು ಇಲ್ಲೇ ಕೆಲಸ ಮಾಡ್ತೀನಿ. ನೀವು ಹೋಗು ಅನ್ನೋವರೆಗೂ."

ಎಲ್ಫಿನೆಷ್ ಪರದೆಯನ್ನು ನೋಡಿದಳು, ಅವನನ್ನು ನೋಡಿದಳು. ಟೊಪ್ಪಿಯನ್ನು ಒಮ್ಮೆ ಸರಿಮಾಡಿಕೊಂಡಳು. ಅವಳು ಬಗ್ಗಿ ಮೇಜಿನ ಕೆಳಗಿಂದ ಖಾಲಿ ಕ್ರೇಟೊಂದನ್ನು ಎಳೆದಳು. ಇನ್ನೊಂದನ್ನು ಎಳೆದಳು, ಮತ್ತೊಂದನ್ನೂ ಎಳೆದಳು. ಮೂರನ್ನೂ ಹಿರಿಯರ ಮುಂದೆ ಬೋರಲು ಹಾಕಿ ಅಂಗೈಯಿಂದ ಧೂಳು ಒರೆಸಿದಳು.

"ಗಾಶೆ, ಆಗಿನಿಂದ ನಿಂತೇ ಇದ್ದೀರಿ," ಎಂದಳು ಮೂವರಿಗೂ. "ಕೂತ್ಕೊಳ್ಳಿ."