ಸುಮ್ಮನಿದ್ದ ಮಗು

"ಮಾತ್ರೆ ಖಾಲಿ ಹೊಟ್ಟೆಗೇ ಕೊಡ್ತಿದ್ದೀರಿ ತಾನೆ?"

ಡಾಕ್ಟರಮ್ಮ ಕೇಳಿದ್ದು ಅವಳನ್ನು. ಉತ್ತರ ಕೊಟ್ಟಿದ್ದು ಅವಳ ಗಂಡ. "ಅಯ್ಯೋ, ಅದನ್ನ ಕೇಳೋದೇ ಬೇಡ ಮೇಡಂ. ಬೆಳಿಗ್ಗೆ ಐದೂವರೆ ಅಂದ್ರೆ ಐದೂವರೆ. ನಮ್ಮನೆ ಗಡಿಯಾರ ತಪ್ಪಿದ್ರೂ ಇವಳು ತಪ್ಪಲ್ಲ."

ಅವಳು ತೊಡೆಯ ಮೇಲಿದ್ದ ಮಗುವಿನ ಕಾಲುಚೀಲ ಎಳೆದು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. ನಾಲ್ಕು ವರ್ಷದ ಚಿಣ್ಣಿ ಅಮ್ಮನ ಎದೆಗೆ ತಲೆಯಾನಿಸಿ, ಬಾಯಿ ಅರ್ಧ ತೆರೆದು, ಗೋಡೆಯ ಮೇಲಿನ ಆನೆಯ ಚಿತ್ರವನ್ನು ನೋಡುತ್ತಿದ್ದಳು. ಆರು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ಅದೇ ಆನೆಯ ಸೊಂಡಿಲನ್ನು ಕಿತ್ತು ಹಾಕಲು ಮೇಜು ಹತ್ತಿದ್ದ ಹುಡುಗಿ ಇವಳೇ ಎಂದರೆ ಯಾರೂ ನಂಬುವಂತಿರಲಿಲ್ಲ.

"ಥೈರಾಯ್ಡ್ ಟೆಸ್ಟಲ್ಲಿ ಹೋದ ಸಲ ಟಿಎಸ್‌ಎಚ್ ಮೂರಿತ್ತು. ಈಗ ಹದಿನೆಂಟು," ಡಾಕ್ಟರಮ್ಮ ರಿಪೋರ್ಟನ್ನು ಅವರ ಕಡೆ ತಿರುಗಿಸಿದರು. "ಮಲಬದ್ಧತೆ, ಒಣಗಿದ ಚರ್ಮ, ತಣ್ಣನೆ ಕೈಕಾಲು, ಯಾವಾಗ್ಲೂ ನಿದ್ದೆ. ಎಲ್ಲಾ ಅದರದ್ದೇ."

"ಇಂಥ ಮಕ್ಕಳು ಸ್ವಲ್ಪ ನಿಧಾನ ಅಂತಾರಲ್ಲ, ಅದಕ್ಕೆ ನಾವೂ..." ಗಂಡ ಮಾತನ್ನು ಅಲ್ಲಿಗೇ ಬಿಟ್ಟ.

"ಎಲ್ರೂ ಹಾಗೇ ಅಂದ್ಕೊಳ್ತಾರೆ. ಡೌನ್ ಸಿಂಡ್ರೋಮ್ ಅನ್ನೋ ನೆಪದ ಹಿಂದೆ ಥೈರಾಯ್ಡ್ ಅಡಗಿ ಕೂತಿರುತ್ತೆ. ಇವಳು ನಿಧಾನ ಅಲ್ಲ, ಇವಳಿಗೆ ಔಷಧಿ ಸಾಲ್ತಿಲ್ಲ. ಸರಿಯಾಗಿ ಕೊಟ್ಟೂ ಇಷ್ಟು ಏರಿದೆ ಅಂದ್ರೆ ಡೋಸ್ ಜಾಸ್ತಿ ಮಾಡ್ಲೇಬೇಕು. ನಾಳೆಯಿಂದ ಒಂದೂವರೆ ಮಾತ್ರೆ. ಹಾರ್ಟ್ ಆಪರೇಷನ್ ಆಗಿರೋ ಮಗು, ಒಂದು ಕಣ್ಣಿಟ್ಟಿರಿ. ಔಷಧಿ ಹೆಚ್ಚಾದ್ರೆ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ. ಹಾಗಾದ್ರೆ ತಕ್ಷಣ ಫೋನ್ ಮಾಡಿ."

"ಸರಿಯಾಗಿ ಕೊಟ್ಟೂ" ಎಂಬ ಮಾತಿಗೆ ಅವಳು ಡಾಕ್ಟರಮ್ಮನ ಕಡೆ ನೋಡಿದಳು. ಹೇಳಬೇಕಿದ್ದದ್ದು ಆಗ. ಬಾಯಿ ತೆರೆಯಿತು ಕೂಡ. ಆದರೆ ಗಂಡ ಪಕ್ಕದಲ್ಲಿ ಎದೆಯುಬ್ಬಿಸಿ ಕೂತಿದ್ದ, ಹೊರಗೆ ಮುಂದಿನ ಮಗು ಅಳುತ್ತಿತ್ತು, ಡಾಕ್ಟರಮ್ಮನ ಪೆನ್ನು ಆಗಲೇ ಓಡುತ್ತಿತ್ತು. "ಥ್ಯಾಂಕ್ಸ್ ಮೇಡಂ" ಅಂದಳು.

ಅವರದ್ದು ಲಾಂಡ್ರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಬಟ್ಟೆ ತರುವುದು, ಒಗೆಯುವುದು, ಮುಟ್ಟಿಸುವುದು ಗಂಡನ ಪಾಲು; ಇಸ್ತ್ರಿ ಮಾಡುವುದು, ಮಡಚುವುದು ಅವಳ ಪಾಲು. ಸ್ಟೇಷನ್ ಪಕ್ಕದ ಹೋಟೆಲಿನ ಮಂಚದ ಹಾಸುಗಳನ್ನು ಒಗೆದುಕೊಡುವ ಕೆಲಸ ಸಿಕ್ಕ ಮೇಲೆ ಅವರ ಬದುಕು ಒಂದು ಮೆಟ್ಟಿಲು ಮೇಲೇರಿತ್ತು, ನಿದ್ದೆ ಒಂದು ಮೆಟ್ಟಿಲು ಕೆಳಗಿಳಿದಿತ್ತು. ಬೆಳಿಗ್ಗೆ ಏಳಕ್ಕೆ ನಲವತ್ತು ಹಾಸು ಹೋಟೆಲಿನ ಬಾಗಿಲಲ್ಲಿರಬೇಕು. ಐದಕ್ಕೆ ಗಂಡ ಗಾಡಿ ಹತ್ತಿ ಕೊಳೆ ಬಟ್ಟೆ ತರಲು ಹೋದರೆ, ಅವಳೂ ಮಗುವೂ ಹಬೆಯ ಇಸ್ತ್ರಿಯೂ ಉಳಿಯುತ್ತಿದ್ದವು.

ಚಿಣ್ಣಿಗೆ ಥೈರಾಯ್ಡ್ ಮಾತ್ರೆ ಕೊಡುವುದು ಸಣ್ಣ ಯುದ್ಧ. ಪುಡಿ ಮಾಡಿ, ಒಂದು ಚಮಚ ನೀರಲ್ಲಿ ಕಲಸಿ, ಬಾಯಿಗೆ ಹಾಕಬೇಕು. ಆಮೇಲೆ ಅರ್ಧ ಗಂಟೆ ಏನೂ ಕೊಡುವಂತಿಲ್ಲ. ಹಸಿದ ಮಗುವಿಗೆ ಅರ್ಧ ಗಂಟೆ ಎಂದರೆ ಏನೆಂದು ಯಾರು ಹೇಳಬೇಕು? ಚಿಣ್ಣಿ ಇಸ್ತ್ರಿ ಮೇಜಿನ ಕಾಲು ಹಿಡಿದು ಅಳುತ್ತಿದ್ದಳು, ಮಡಚಿಟ್ಟಿದ್ದನ್ನು ಎಳೆಯುತ್ತಿದ್ದಳು, ಒಮ್ಮೆ ಬಿಸಿ ಇಸ್ತ್ರಿಯ ಕಡೆಗೇ ಕೈ ಚಾಚಿದ್ದಳು. ಎಲುಬು ಗಟ್ಟಿಯಾಗಲಿ ಎಂದು ಕೊಟ್ಟಿದ್ದ ಕ್ಯಾಲ್ಸಿಯಂ ಸಿರಪ್ಪು ಮಧ್ಯಾಹ್ನದ ಊಟದ ಮೇಲೆ. ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಲಿ, ಇಲ್ಲದಿದ್ದರೆ ಮಾತ್ರೆ ಮೈಗೆ ಹತ್ತುವುದಿಲ್ಲ ಎಂದು ಡಾಕ್ಟರಮ್ಮ ಅಡಿಗೆರೆ ಎಳೆದು ಬರೆದುಕೊಟ್ಟಿದ್ದರು. ಆದರೆ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳ ಜಾತ್ರೆ. ಎರಡು ಸಲ ಮರೆತಳು. ಮೂರನೆಯ ದಿನ ಬೆಳಿಗ್ಗೆ, ಇಪ್ಪತ್ತು ಹಾಸು ಇನ್ನೂ ಬಾಕಿ ಇರುವಾಗ, ಬೆಚ್ಚಗಿನ ಹಾಲಿಗೆ ಮಾತ್ರೆ, ಸಿರಪ್ಪು, ಸಕ್ಕರೆ ಎಲ್ಲವನ್ನೂ ಹಾಕಿ ಕಲಸಿ ಕೊಟ್ಟಳು. ಹೊಟ್ಟೆಗೆ ಹೋದ ಮೇಲೆ ಎಲ್ಲಾ ಒಂದೇ ತಾನೆ ಅಂದುಕೊಂಡಳು. ಚಿಣ್ಣಿ ಗಟಗಟ ಕುಡಿದು ಹಾಲಿನ ಮೀಸೆ ಒರೆಸಿಕೊಂಡಳು. ಆ ದಿನ ಹಾಸುಗಳು ಆರೂ ಮುಕ್ಕಾಲಿಗೇ ಮುಗಿದವು.

ಇವತ್ತೊಂದು ದಿನ ಎಂದು ಶುರುವಾದದ್ದು ಮೂರು ತಿಂಗಳು ನಡೆಯಿತು.

ಒಂದು ತಿಂಗಳೊಳಗೆ ಮಗು ಶಾಂತವಾಯಿತು. ಇಸ್ತ್ರಿಯಾದ ಹಾಸುಗಳ ರಾಶಿಗೆ ಬೆನ್ನು ಕೊಟ್ಟು "ಬಿಚಿ, ಬಿಚಿ" ಎಂದು ಕಣ್ಣು ಮುಚ್ಚುತ್ತಿದ್ದಳು. ಬಿಸಿ ಅವಳಿಗೆ ಹಿತವಾಗುತ್ತಿತ್ತು. ಬಟ್ಟೆ ಕೊಡಲು ಬರುವ ಮೇಷ್ಟ್ರು "ಎಷ್ಟು ಜಾಣೆ ಆಗಿದ್ದಾಳೆ ನೋಡಿ, ಇದ್ದೂ ಇಲ್ಲದ ಹಾಗೆ ಇರ್ತಾಳೆ" ಅಂದಾಗ ಅವಳು ಹಿಗ್ಗಿದ್ದಳು. ಒಳಗೊಳಗೇ ಒಂದು ಅನುಮಾನ ಕುಟುಕುತ್ತಿತ್ತು. ಅದನ್ನು ಅವಳು ಹಾಸಿನ ಸುಕ್ಕು ತೀಡಿದ ಹಾಗೆ ತೀಡಿಬಿಡುತ್ತಿದ್ದಳು.

ಈಗ ಮನೆಗೆ ಬಂದ ಮೇಲೆ ಬೇರೆ ಲೆಕ್ಕ ಹಾಕತೊಡಗಿದಳು. ಇಡೀ ಮಾತ್ರೆಯನ್ನು ನೀರಲ್ಲಿ ಸರಿಯಾಗಿ ಕೊಟ್ಟು, ಅರ್ಧವನ್ನು ಬಚ್ಚಲಿಗೆ ಎಸೆದರಾಯಿತು. ಆರು ವಾರದಲ್ಲಿ ರಿಪೋರ್ಟು ಸರಿಹೋಗುತ್ತದೆ, ಅರ್ಧ ಮಾತ್ರೆಯ ಪ್ರಭಾವ ಎಂದು ಡಾಕ್ಟರಮ್ಮ ಖುಷಿಪಡುತ್ತಾರೆ. ಯಾರಿಗೂ ಯಾವುದೂ ಗೊತ್ತಾಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಈ ಉಪಾಯ ತನಗೆ ಇಷ್ಟು ಬೇಗ ಹೊಳೆಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಊಟಕ್ಕೆ ಕೂತಾಗ ಗಂಡ ತುತ್ತು ಎತ್ತಲಿಲ್ಲ. "ನಮ್ಮ ಕಡೆಯಿಂದಲೇ ಬಂದಿದ್ದು ಕಣೇ," ಅಂದ. "ಅಕ್ಕನಿಗೂ ಥೈರಾಯ್ಡ್, ಅಮ್ಮನಿಗೂ ಇತ್ತು. ಹುಟ್ಟಿದ ಮೂರು ತಿಂಗಳಿಗೆ ಆಪರೇಷನ್, ಈಗ ಇದು. ನನ್ನ ರಕ್ತದ್ದೇ ಎಲ್ಲಾ. ನೀನು ಇಷ್ಟು ಮಾಡಿಯೂ ಹೀಗಾಯ್ತಲ್ಲ."

"ಹಾಗೆಲ್ಲ ಅನ್ಬೇಡಿ."

"ಇನ್ನೇನನ್ಲಿ? ಎಲ್ಲಾ ನಿನ್ನ ತಲೆ ಮೇಲೇ ಹಾಕಿಬಿಟ್ಟಿದ್ದೆ. ನಾಳೆಯಿಂದ ಮಾತ್ರೆ ನಾನೇ ಕೊಡ್ತೀನಿ. ಕೊಟ್ಟೇ ಗಾಡಿ ಹತ್ತೋದು. ಹೋಟೆಲಿನೋರು ಅರ್ಧ ಗಂಟೆ ಕಾಯಲಿ, ಅವರಪ್ಪನ ಗಂಟೇನು ಹೋಗಲ್ಲ."

ಔಷಧಿ ಹೆಚ್ಚಾದರೆ ಎದೆ ಹೊಡೆದುಕೊಳ್ಳುತ್ತದೆ ಎಂದ ಡಾಕ್ಟರಮ್ಮನ ಮಾತು ಅವಳಿಗೆ ನೆನಪಾಯಿತು. ಇವನು ಕೊಟ್ಟರೆ ಸರಿಯಾಗಿಯೇ ಕೊಡುತ್ತಾನೆ. ಖಾಲಿ ಹೊಟ್ಟೆಗೆ, ನೀರಲ್ಲಿ, ಒಂದೂವರೆಯನ್ನೂ.

ಬೆಳಿಗ್ಗೆ ಅವಳು ಎದ್ದು ಬರುವ ಹೊತ್ತಿಗೆ ಅವನು ಅಡಿಗೆ ಕಟ್ಟೆಯ ಮುಂದೆ ನಿಂತಿದ್ದ. ಎರಡನೆಯ ಮಾತ್ರೆಯನ್ನು ಚಾಕುವಿನಿಂದ ಅರ್ಧ ಮಾಡಿ, ಎರಡು ಚಮಚದ ನಡುವೆ ಅರೆದು, ತೊಟ್ಟು ತೊಟ್ಟಾಗಿ ನೀರು ಬಿಡುತ್ತಿದ್ದ. ಗಾಡಿಯ ಗೇರು ಹಾಕುವ ಕೈ; ಪುಡಿ ಒಂದು ಚೂರೂ ಚೆಲ್ಲದಂತೆ ನಿಧಾನಿಸುತ್ತಿತ್ತು. ಚಿಣ್ಣಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. "ಎಲ್ಲಿ, ಆ ಅನ್ನು ಬಂಗಾರಿ," ಎಂದು ಅವನು ಬಗ್ಗಿದ.

ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. ಚಮಚದ ನೀರು ಮಗುವಿನ ಮಡಿಲಿಗೆ ಚೆಲ್ಲಿತು.

"ಏನೇ ನಿಂದು!"

"ಕೊಡ್ಬೇಡಿ. ಒಂದೂವರೆ ಬೇಡ." ಅವಳು ಉಸಿರು ಎಳೆದುಕೊಂಡಳು. "ನಾನು ಸರಿಯಾಗಿ ಕೊಟ್ಟಿಲ್ಲ. ಹಾಲಲ್ಲಿ ಕಲಸಿ ಕೊಡ್ತಿದ್ದೆ. ಸಿರಪ್ಪೂ ಅದರಲ್ಲೇ ಹಾಕಿ. ಮಾತ್ರೆ ಮೈಗೆ ಹತ್ತೇ ಇಲ್ಲ."

ಅವನು ಚಮಚವನ್ನು ಕಟ್ಟೆಯ ಮೇಲೆ ಇಟ್ಟ. "ಎಷ್ಟು ದಿನದಿಂದ?"

"ಮೂರು ತಿಂಗಳು."

"ನಿನ್ನೆ ಡಾಕ್ಟ್ರ ಮುಂದೆ ನಾನು ಅಷ್ಟೆಲ್ಲ ಹೇಳ್ತಾ ಇದ್ನಲ್ಲ..."

"ಕೇಳಿಸ್ಕೊಂಡೆ."

ಅವನು ಬಟ್ಟೆ ತಂದು ಮಗುವಿನ ಮಡಿಲು ಒರೆಸಿದ. ಸಿಟ್ಟು ಬಂದರೆ ಪಾತ್ರೆ ಎತ್ತಿ ಹಾಕುವ ಮನುಷ್ಯ. ಆವತ್ತು ಪಾತ್ರೆ ಎತ್ತಿ ಹಾಕಿದ್ದರೂ ಅವಳಿಗೆ ನೆಮ್ಮದಿಯಾಗುತ್ತಿತ್ತು. ಕೊನೆಗೆ ಅವನೇ ಅವಳಿಗೊಂದು ದಾರಿ ತೋರಿಸಿದ. "ಕೆಲಸದ ಗಡಿಬಿಡೀಲಿ ಮರ್ತುಹೋಯ್ತು ಅಂತ ಹೇಳೋಣ ಡಾಕ್ಟ್ರಿಗೆ. ಮರೆಯದೋರು ಯಾರಿದ್ದಾರೆ?"

ಅವಳು ಬೇಡವೆಂದು ತಲೆಯಾಡಿಸಿದಳು. "ಮರ್ತಿರಲಿಲ್ಲ. ಇವಳು ಮಂಕಾಗಿದ್ದು ಮೊದಲ ತಿಂಗಳೇ ನಂಗೆ ಕಂಡಿತ್ತು. ಸುಮ್ನೆ ಕೂತಿರ್ತಿದ್ಲು. ನಂಗದು ಹಿತವಾಗಿತ್ತು, ರೀ."

ಒಂಬತ್ತಕ್ಕೆ ಫೋನ್ ಮಾಡಿದಳು. ಡಾಕ್ಟರಮ್ಮ ಬೈಯಲಿಲ್ಲ. ಈಗ ಹೇಳಿದ್ದು ಒಳ್ಳೆಯದಾಯಿತು, ಹಳೆಯ ಒಂದೇ ಮಾತ್ರೆ ಸಾಕು, ನೀರಲ್ಲಿ ಮಾತ್ರ, ಆರು ವಾರ ಬಿಟ್ಟು ಮತ್ತೆ ರಕ್ತ ನೋಡೋಣ ಅಂದರು. ಬೈದಿದ್ದರೆ ಅಳಬಹುದಿತ್ತು. ಫೋನ್ ಇಟ್ಟು ಇಸ್ತ್ರಿಗೆ ನಿಂತಳು. ಗಂಡ ಎರಡು ದಿನ ಅವಳ ಹತ್ತಿರ ಬಟ್ಟೆಯ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಆದರೆ ಬೆಳಗಿನ ಅರ್ಧ ಗಂಟೆ ಅಳುವ ಮಗುವನ್ನು ಹೆಗಲಿಗೇರಿಸಿಕೊಂಡು ಬೀದಿಯ ಆ ತುದಿಯಿಂದ ಈ ತುದಿಗೆ ತಪ್ಪದೆ ಓಡಾಡಿದ. ಹಾಸುಗಳು ಏಳೂವರೆಗೆ ಹೋದವು. ಹೋಟೆಲಿನವರು ಗೊಣಗಿದರು, ಅಷ್ಟೆ.

ಆರನೆಯ ವಾರ, ಒಂದು ಮಧ್ಯಾಹ್ನ, ಅವಳು ಗಿರಾಕಿಯನ್ನು ಕಳಿಸಿ ತಿರುಗುವಷ್ಟರಲ್ಲಿ ಬಟ್ಟೆಗೆ ಗುರುತು ಹಾಕುವ ಶಾಯಿಯ ಪೆನ್ನು ಚಿಣ್ಣಿಯ ಕೈಯಲ್ಲಿತ್ತು. ಏನು ಮಾಡಿದರೂ ಹೋಗದ ಶಾಯಿ. ಹೋಟೆಲಿನ ಆರು ದಿಂಬಿನ ಚೀಲಗಳ ಮೇಲೆ ಅಡ್ಡಾದಿಡ್ಡಿ ಕಪ್ಪು ಗೆರೆಗಳು. ಏಳನೆಯದರ ಮೇಲೆ ಮಗು ಮಂಡಿಯೂರಿ ನಗುತ್ತಿತ್ತು.

"ಏಯ್! ಸುಮ್ನೆ ಕೂತ್ಕೊಳ್ಳೇ!"

ಚಿಣ್ಣಿ ಪೆನ್ನು ಬಿಟ್ಟಳು. ಗೋಡೆಯ ಬಳಿ ಹೋಗಿ, ಬೆನ್ನು ಕೊಟ್ಟು, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು.

ಆ ಮೂರು ತಿಂಗಳು ಕೂರುತ್ತಿದ್ದ ಹಾಗೆಯೇ. ಅಮ್ಮ ಹತ್ತಿರ ಹೋದಳು. "ಏಳು," ಅಂದಳು. ಮಗು ಅಲುಗಲಿಲ್ಲ. "ಬೈಯಲ್ಲ ಕಣೇ, ಏಳಮ್ಮ." ಮಗು ಅವಳ ಮುಖವನ್ನೇ ನೋಡುತ್ತಿತ್ತು.

ಅವಳು ನೆಲದ ಮೇಲೆ ಕೂತು, ಏಳನೆಯ ದಿಂಬಿನ ಚೀಲವನ್ನು ಮಗುವಿನ ಮುಂದೆ ಹರಡಿದಳು. ಸುಕ್ಕನ್ನು ಅಂಗೈಯಿಂದ ತೀಡಿದಳು. ಬಿದ್ದಿದ್ದ ಪೆನ್ನು ಎತ್ತಿ, ಆ ಗಿಡ್ಡ ಬೆರಳುಗಳ ನಡುವೆ ಇಟ್ಟು, ಕಾದಳು. ಅಂಗಡಿಯ ಕಟ್ಟೆಯ ಹತ್ತಿರ ಯಾರೋ ಬಂದು ಎರಡು ಸಲ ಕರೆದರು. ಚಿಣ್ಣಿ ಅಮ್ಮನ ಮುಖದಿಂದ ಕಣ್ಣು ತೆಗೆಯದೆ, ಬಿಳಿ ಬಟ್ಟೆಯ ಒಂದು ಮೂಲೆಯಲ್ಲಿ, ಬಹಳ ಸಣ್ಣದೊಂದು ಗೆರೆ ಎಳೆದಳು.