ಬೆಳಕಿನ ಬೆನ್ನು ಬಿದ್ದ ಬಿಂಟ್ಯೆ

ಬಿಸಿಲು ಬಂದ ದಿನ ವರ್ಕಮ್ ಊರಿನವರಿಗೆ ಒಂದು ಪುಕ್ಕಟೆ ಮನರಂಜನೆ ಇತ್ತು. ಕಾಲುವೆ ದಂಡೆಗೆ ಕಟ್ಟಿದ್ದ ಯೆಲ್ಮರ್‌ನ ದೋಣಿಮನೆಯ ಕಿಟಕಿಗೆ ಮೂಗು ತಾಗಿಸಿ ನಿಂತರೆ ಸಾಕು, ಒಳಗೆ ಬಿಂಟ್ಯೆ ಕುಣಿಯುವುದು ಕಾಣುತ್ತಿತ್ತು. ನೀರಿನ ಮೇಲೆ ಬಿದ್ದ ಬಿಸಿಲು ಪುಟಿದು ಒಳಗೆ ನುಗ್ಗಿ, ಮರದ ಚಾವಣಿಯ ಮೇಲೆ ಮೀನಿನ ಮರಿಗಳಂತೆ ಹರಿದಾಡುತ್ತಿತ್ತು. ಕಪ್ಪು ಬಿಳುಪಿನ ಕುರಿನಾಯಿ ಬಿಂಟ್ಯೆ ಅದನ್ನು ಹಿಡಿಯಲೇಬೇಕೆಂದು ನೆಲದಿಂದ ಸೋಫಾಕ್ಕೆ, ಸೋಫಾದಿಂದ ಗೋಡೆಗೆ ಹಾರುತ್ತಿತ್ತು. ಹಿಡಿದೆ ಅನ್ನುವಷ್ಟರಲ್ಲಿ ಬೆಳಕು ಇನ್ನೊಂದು ಮೂಲೆಯಲ್ಲಿ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ದೊಡ್ಡವರು ಸೈಕಲ್ಲಿನಿಂದ ಇಳಿಯದೆ ಒಂದು ಕಾಲು ಊರಿ ನೋಡಿ ನಗುತ್ತಿದ್ದರು.

ಯೆಲ್ಮರ್‌ಗೆ ಅರವತ್ತೆರಡು. ಹಳೆಯ ಕಾಲದ ಚಪ್ಪಟೆ ತಳದ ಹಡಗುಗಳಿಗೆ ಹಾಯಿ ಹೊಲಿಯುವುದು ಅವನ ಕೆಲಸ. ಮಾತು ಕಡಿಮೆ. ಹುಟ್ಟುಹಬ್ಬಕ್ಕೆ ಹೋದರೆ ಎಲ್ಲರೂ ಗುಂಡಗೆ ಹಾಕಿದ ಕುರ್ಚಿಗಳಲ್ಲಿ ಕೂತು ಹರಟುವಾಗ ಇವನು ಬಾಗಿಲ ಪಕ್ಕದ ಕುರ್ಚಿ ಹಿಡಿದು, ಕೇಕು ತಿಂದು, ಹವಾಮಾನದ ಬಗ್ಗೆ ಎರಡು ಮಾತಾಡಿ ಬರುವವನು. ಆದರೆ ಬಿಂಟ್ಯೆ ಕುಣಿಯತೊಡಗಿದ ಮೇಲೆ ಜನ ತಾವಾಗಿಯೇ ಅವನನ್ನು ಮಾತಾಡಿಸುತ್ತಿದ್ದರು. "ಏನು ಯೆಲ್ಮರ್, ಇವತ್ತು ಆಟ ಎಷ್ಟು ಗಂಟೆಗೆ?" ಎಂದು ಕೇಳುತ್ತಿದ್ದರು. ಅವನು "ಮೋಡ ಸರಿದ ಕೂಡ್ಲೆ" ಎನ್ನುತ್ತಿದ್ದ. ಇಷ್ಟೇ ಮಾತು, ಆದರೂ ಆ ದಿನವಿಡೀ ಅವನ ಸೂಜಿ ಚುರುಕಾಗಿ ಓಡುತ್ತಿತ್ತು.

ಅವನ ಹೆಂಡತಿ ವಿತ್ಸ್ಕೆ ನಗುತ್ತಿರಲಿಲ್ಲ. ಬೇಕರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದವಳು ಕೋಟು ಕೂಡ ತೆಗೆಯದೆ ನಾಯಿಯನ್ನೇ ನೋಡುತ್ತ ನಿಂತುಬಿಡುತ್ತಿದ್ದಳು. ಹೊಲ ಮಾಡಿಕೊಂಡಿದ್ದ ಅವಳ ತಂದೆ ಬೆಳೆಯುತ್ತಿದ್ದ ಆಲೂಗಡ್ಡೆ ತಳಿಯ ಹೆಸರು ಬಿಂಟ್ಯೆ. ಮರಿಗೆ ಆ ಹೆಸರಿಟ್ಟವಳು ಅವಳೇ.

"ಅಲ್ಲ ಯೆಲ್ಮರ್, ಇದು ಆಟ ಅನ್ಸುತ್ತಾ ನಿಂಗೆ?" ಎಂದಳು ಒಂದು ದಿನ. "ಆಟ ಆಗಿದ್ರೆ ಮಧ್ಯೆ ಒಂದ್ಸಲನಾದ್ರೂ ನಮ್ಮ ಮುಖ ನೋಡ್ಬೇಕಲ್ಲ? ಇವಳು ನೋಡೋದೇ ಇಲ್ಲ."

"ಖುಷಿಲಿ ಮೈಮರೀತಾಳೆ ಅಷ್ಟೆ."

"ಬಾಲ ನೋಡು ಅವಳದ್ದು. ಖುಷಿಲಿರೋ ನಾಯಿ ಬಾಲ ಹೀಗಿರುತ್ತಾ?"

ಬಾಲ ಕಾಲ ನಡುವೆ ಸೇರಿತ್ತು. ಯೆಲ್ಮರ್ ಅದನ್ನು ಮೊದಲೇ ಕಂಡಿದ್ದ. ಕಂಡೂ ಕಾಣದವನ ಹಾಗಿದ್ದ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಆಕಾಶ ತೊಳೆದಿಟ್ಟ ಹಾಗಿದ್ದಾಗ, ಬಿಂಟ್ಯೆ ಚಾವಣಿಯತ್ತ ಹಾರಿ ಕಬ್ಬಿಣದ ಒಲೆಯ ಅಂಚಿಗೆ ಬಾಯಿ ಹೊಡೆಸಿಕೊಂಡಿತು. ಹಲ್ಲು ಮುರಿದ ಸದ್ದು ಯೆಲ್ಮರ್‌ಗೆ ಕೇಳಿಸಿತು. ನಾಯಿಗೆ ಮಾತ್ರ ಕೇಳಿಸಲಿಲ್ಲವೇನೋ! ತುಟಿಯಿಂದ ರಕ್ತ ತೊಟ್ಟಿಕ್ಕುತ್ತಿದ್ದರೂ ಮತ್ತೆ ಹಾರಿತು, ಮತ್ತೆ ಹಾರಿತು. ಅವನು ಓಡಿಹೋಗಿ ಒಣಮಾಂಸದ ತುಂಡನ್ನು ಅದರ ಮೂಗಿಗೇ ಹಿಡಿದ. ಆ ತುಂಡಿಗಾಗಿ ಪ್ರಾಣ ಬಿಡುತ್ತಿದ್ದ ಬಿಂಟ್ಯೆ ಅವನ ಕೈಯನ್ನು ದಾಟಿ ಚಾವಣಿ ನೋಡುತ್ತಿತ್ತು. ಕಣ್ಣು ತೆರೆದೇ ಇತ್ತು, ಆದರೆ ಅದರೊಳಗೆ ಯೆಲ್ಮರ್ ಇರಲಿಲ್ಲ. ಕಿಟಕಿಯ ಆಚೆ ಯಾರೋ ನಕ್ಕರು. ಅವನು ಮೊದಲ ಬಾರಿಗೆ ಪರದೆಯನ್ನು ಸರ್ರನೆ ಎಳೆದ.

ಪಶುವೈದ್ಯೆ ನಿನ್ಕೆಗೆ ಇನ್ನೂ ಮೂವತ್ತೂ ಆಗಿರಲಿಲ್ಲ. ಯಾವುದೋ ಕೊಟ್ಟಿಗೆಯಿಂದ ನೇರವಾಗಿ ಬಂದಿದ್ದ ಅವಳ ಬೂಟಿನಲ್ಲಿ ಸಗಣಿಯ ವಾಸನೆ ಇತ್ತು. ಹಲ್ಲು ನೋಡಿದಳು, ಕಣ್ಣಿಗೆ ಬೆಳಕು ಬಿಡದೆ ಬೇರೆ ರೀತಿಯಲ್ಲಿ ಪರೀಕ್ಷಿಸಿದಳು, ರಕ್ತ ತೆಗೆದಳು. ವಿತ್ಸ್ಕೆ ಫೋನಿನಲ್ಲಿ ಹಿಡಿದಿದ್ದ ವಿಡಿಯೋವನ್ನು ಎರಡು ಬಾರಿ ನೋಡಿದಳು.

"ಇದು ಗೀಳು ಕಣ್ರೀ," ಎಂದಳು. "ನಮ್ಮಲ್ಲಿ ಕೆಲವರು ಬೀಗ ಹಾಕಿದ ಬಾಗಿಲನ್ನೇ ಹತ್ತು ಸಲ ಎಳೆದು ನೋಡ್ತಾರಲ್ಲ, ಆ ಥರ. ಇವಳಿಗೆ ಬೇಕು ಅಂತ ಮಾಡ್ತಿಲ್ಲ, ಬಿಡೋಕೆ ಆಗ್ತಿಲ್ಲ. ಈ ತಳಿ ನಾಯಿಗಳಿಗೆ ಚಲಿಸೋದನ್ನ ನೋಡಿದ್ರೆ ಹಿಂದೆ ಬೀಳೋ ಗುಣ ಹುಟ್ಟಿನಿಂದಾನೇ ಇರುತ್ತೆ. ಕುರಿ ಸಿಗ್ಲಿಲ್ಲ, ಬೆಳಕು ಸಿಕ್ತು. ಶುರುವಾಗಿದ್ದು ಹೇಗೆ?"

ವಿತ್ಸ್ಕೆ ಗಂಡನ ಮುಖ ನೋಡಿದಳು. ಯೆಲ್ಮರ್ ಗೋಡೆಗೆ ಒರಗಿಸಿದ್ದ ತೂಕದ ಯಂತ್ರವನ್ನು ನೋಡಿದ.

"ತಾನಾಗೇ," ಎಂದ.

ನಿನ್ಕೆ ಬರೆದುಕೊಂಡಳು. ಆಮೇಲೆ ಬೆರಳು ಮಡಚುತ್ತ ಹೇಳಿದಳು. ಬೈಯಬೇಡಿ, ಎಳೆದಾಡಬೇಡಿ. ಹೆದರಿಕೆ ಹೆಚ್ಚಾದರೆ ಗೀಳೂ ಹೆಚ್ಚುತ್ತದೆ. ನಗಲೂಬೇಡಿ, ನಕ್ಕರೆ ಅದು ಬಹುಮಾನ ಕೊಟ್ಟ ಹಾಗೆ. ಬೆಳಕು ಕುಣಿಯುವುದನ್ನು ಎಷ್ಟಾಗುತ್ತದೋ ಅಷ್ಟು ತಪ್ಪಿಸಿ. ಮೂಗಿಗೆ ಕೆಲಸ ಕೊಡಿ, ಕಾಲಿಗೆ ನಡಿಗೆ ಕೊಡಿ. ದಿನವೂ ಒಂದೇ ಹೊತ್ತಿಗೆ ಊಟ, ಒಂದೇ ಹೊತ್ತಿಗೆ ತಿರುಗಾಟ. ಕರೆದಾಗ ಬಂದು ನಿಮ್ಮ ಅಂಗೈಗೆ ಮೂಗು ತಾಗಿಸುವುದನ್ನು ಕಲಿಸಿ, ಬೆಳಕಿನತ್ತ ಕಣ್ಣು ಹೊರಳಿದ ಕೂಡಲೇ ಕರೆಯಿರಿ, ಹಾರಲು ಶುರುಮಾಡಿದ ಮೇಲಲ್ಲ. ಒಂದು ಮಾತ್ರೆಯನ್ನೂ ಬರೆದುಕೊಟ್ಟಳು. ಅದು ಹಿಡಿಯಲು ಒಂದೆರಡು ತಿಂಗಳು ಬೇಕು, ನಡುವೆ ನಿಲ್ಲಿಸಬೇಡಿ ಎಂದಳು. ಮತ್ತೆ, ಒಂದು ನೋಟ್‌ಬುಕ್ಕಿನಲ್ಲಿ ಎಷ್ಟು ಹೊತ್ತಿಗೆ, ಎಲ್ಲಿ, ಏನಾಗುತ್ತಿದ್ದಾಗ ಶುರುವಾಯಿತು ಎಂದು ಬರೆದಿಡಲು ಹೇಳಿದಳು.

ದೋಣಿಮನೆಯಲ್ಲಿ ಹೊಳೆಯುವ ವಸ್ತು ಎಷ್ಟಿದೆ ಎಂದು ಗಂಡ ಹೆಂಡತಿಗೆ ಆಗ ಗೊತ್ತಾಯಿತು. ಗೋಡೆ ಗಡಿಯಾರ ಕೆಳಗಿಳಿಯಿತು. ಬೆಣ್ಣೆ ಹಚ್ಚುವ ಚಾಕು ಹೋಗಿ ಮರದ್ದು ಬಂತು. ಯೆಲ್ಮರ್ ಕೈಗಡಿಯಾರ ಬಿಚ್ಚಿಟ್ಟ. ಪಕ್ಕದ ದೋಣಿಯ ಹಾರ್ಮೆನ್, ನಿವೃತ್ತ ಸೇತುವೆ ಕಾವಲುಗಾರ, ಎಂದಿನಂತೆ ಮೂರು ಗಂಟೆಯ ಕಾಫಿಗೆ ಬಂದು ಕೂತಾಗ ಬಿಂಟ್ಯೆ ಅವನ ತಲೆಯ ಮೇಲಿನ ಗೋಡೆಯನ್ನೇ ನೋಡತೊಡಗಿತು. ಹಾರ್ಮೆನ್ ತಲೆ ತಿರುಗಿಸಿದರೆ ಗೋಡೆಯ ಮೇಲೊಂದು ಬೆಳಕಿನ ತುಣುಕೂ ತಿರುಗುತ್ತಿತ್ತು.

"ಹಾರ್ಮೆನ್, ಒಂದು ಮಾತು. ಬೇಜಾರು ಮಾಡ್ಕೋಬೇಡ," ಎಂದಳು ವಿತ್ಸ್ಕೆ. "ನಿನ್ನ ಬೋಳುತಲೆ ಹೊಳೀತಿದೆ."

"ನಲವತ್ತು ವರ್ಷದಿಂದ ಹೊಳೀತಿದೆ, ಯಾರೂ ದೂರು ಕೊಟ್ಟಿರ್ಲಿಲ್ಲ!"

"ಒಂದು ಟೋಪಿ ಹಾಕ್ಕೋ ಮಾರಾಯ."

"ಮನೆಯೊಳಗೆ ಟೋಪಿನಾ? ನಮ್ಮಮ್ಮ ಸಮಾಧಿಯಿಂದ ಎದ್ದು ಬಂದು ಕಪಾಳಕ್ಕೆ ಬಿಡ್ತಾಳೆ."

ಆದರೂ ಮರುದಿನ ಉಣ್ಣೆ ಟೋಪಿ ಹಾಕಿಕೊಂಡೇ ಬಂದ. ಬೆವರುತ್ತ ಕೂತು ಎರಡು ಕಪ್ ಕಾಫಿ ಕುಡಿದು ಹೋದ.

ಇಷ್ಟೆಲ್ಲ ಆದರೂ ಬಿಂಟ್ಯೆ ಅರ್ಧ ಮಾತ್ರ ಸುಧಾರಿಸಿತು. ಹದಿನೈದು ದಿನ ಕಳೆದು ನೋಟ್‌ಬುಕ್ ಹಿಡಿದು ನಿನ್ಕೆಯ ಹತ್ತಿರ ಹೋದರು. ಬರೆದದ್ದೆಲ್ಲ ಯೆಲ್ಮರ್. ಹಾಯಿಯ ಅಳತೆ ಬರೆದು ರೂಢಿಯಾದ ಕೈ, ಒಂದು ಗಳಿಗೆಯೂ ತಪ್ಪಿಲ್ಲ. ನಿನ್ಕೆ ಪುಟ ತಿರುವುತ್ತ ತಿರುವುತ್ತ ಒಂದು ಕಡೆ ಬೆರಳಿಟ್ಟಳು.

"ಇದೊಂದು ವಿಚಿತ್ರ. ಮಂಗಳವಾರ ಮೋಡ. ಬುಧವಾರ ಮಳೆ. ಮನೇಲಿ ಬೆಳಕೇ ಇಲ್ಲ. ಆದ್ರೂ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ನಿಮ್ಮ ಕುರ್ಚಿ ಮುಂದೆ ಬಂದು ಕೂತು ನಿಮ್ಮ ಬಲಗೈ ನೋಡ್ತಾ ನಡುಗ್ತಾಳೆ ಅಂತ ಬರೆದಿದೀರಿ. ದಿನಾ ಅದೇ. ನಿಮ್ಮ ಕೈಯಲ್ಲಿ ಏನಿರುತ್ತೆ ಯೆಲ್ಮರ್?"

"ಏನೂ ಇಲ್ಲ."

"ಮೊದಲು ಏನಿತ್ತು?"

ಯೆಲ್ಮರ್‌ನ ಕಿವಿ ಕೆಂಪಾಯಿತು. ತನ್ನ ನೋಟ್‌ಬುಕ್ಕೇ ತನ್ನನ್ನು ಹಿಡಿದುಕೊಟ್ಟಿತ್ತು. ಬೇಕೆಂದಿದ್ದರೆ ಆ ಒಂಬತ್ತು ಗಂಟೆಯನ್ನು ಬರೆಯದೆ ಬಿಡಬಹುದಿತ್ತು. ಬಿಡಲು ಕೈ ಬಂದಿರಲಿಲ್ಲ.

"ಟಾರ್ಚು," ಎಂದ. ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಬಂತು. "ಹೋದ ಚಳಿಗಾಲ ನಂಗೆ ಮೊಣಕಾಲು ಆಪರೇಷನ್ ಆಗಿತ್ತು. ಆರು ವಾರ ಕುರ್ಚಿ. ಅವಳಿಗಾಗ ಎಂಟು ತಿಂಗಳು, ಓಡ್ಬೇಕು ಅಂತ ಒದ್ದಾಡೋಳು. ನಂಗೆ ಓಡ್ಸೋಕಾಗಲ್ಲ. ಹೊಲಿಗೆಗೆ ಇಟ್ಕೊಂಡಿದ್ದ ಸಣ್ಣ ಟಾರ್ಚಿತ್ತು. ಗೋಡೆ ಮೇಲೆ ಬಿಟ್ರೆ ಓಡೋಳು. ವಿತ್ಸ್ಕೆ ಬೇಕರಿಯಿಂದ ಬರೋವರೆಗೂ ಅದೇ. ಎರಡು ಗಂಟೆ, ಮೂರು ಗಂಟೆ. ನಂಗೂ ಹೊತ್ತು ಹೋಗೋದು."

ಬಿಂಟ್ಯೆ ನೆಲದ ಮೇಲೆ ನಿಟ್ಟುಸಿರು ಬಿಟ್ಟಿತು.

"ನೀವೊಬ್ಬರೇ ಕಾರಣ ಅಲ್ಲ," ಎಂದಳು ನಿನ್ಕೆ. "ಅದೇ ಟಾರ್ಚು ಬೇರೆ ನಾಯಿ ಮುಂದೆ ಬಿಟ್ಟಿದ್ರೆ ನಾಲ್ಕು ದಿನ ಓಡಿ ಮರೆತುಬಿಡೋದು. ಇವಳಲ್ಲಿ ಬೀಜ ಇತ್ತು, ನೀವು ನೀರು ಹಾಕಿದ್ರಿ. ಆದ್ರೆ ಹೇಳಿದ್ದು ಒಳ್ಳೇದಾಯ್ತು. ನಾವು ಕಿಟಕಿ ಮುಚ್ತಾ ಕೂತಿದ್ವಿ. ಅವಳು ಕಾಯ್ತಿರೋದು ಆ ಕುರ್ಚಿ ಹತ್ರ."

ವಾಪಸು ಬರುವಾಗ ಕಾರು ಓಡಿಸಿದವಳು ವಿತ್ಸ್ಕೆ. ರಸ್ತೆಯ ಎರಡೂ ಕಡೆ ಹುಲ್ಲುಗಾವಲು, ಹಸುಗಳು, ಮತ್ತೆ ಹುಲ್ಲುಗಾವಲು.

"ಟಾರ್ಚಿನ ವಿಷಯಕ್ಕೆ ನಂಗೆ ಸಿಟ್ಟಿಲ್ಲ," ಎಂದಳು ಕೊನೆಗೆ. "ಆರು ವಾರ ದಿನಾ ಕೇಳ್ದೆ, ಹೇಗಿದೀಯ ಅಂತ. ಚೆನ್ನಾಗಿದೀನಿ, ಚೆನ್ನಾಗಿದೀನಿ ಅಂತಾನೇ ಇದ್ದೆ."

"ಏನು ಹೇಳ್ಬೇಕಿತ್ತು?"

"ಬೇಜಾರಾಗ್ತಿದೆ ಅನ್ಬೇಕಿತ್ತು. ಅಷ್ಟೇ ಮಾತು, ಯೆಲ್ಮರ್. ನಾಲಿಗೆ ಸವೀತಿರ್ಲಿಲ್ಲ."

ಅವನು ಕಿಟಕಿಯಾಚೆ ನೋಡಿದ. "ಈಗ ಹೇಳ್ಲಾ?"

"ತಡ ಆಯ್ತು," ಎಂದಳು. ತುಸು ಹೊತ್ತಿನ ಮೇಲೆ, "ಹೇಳು," ಎಂದಳು.

ಮರುದಿನವೇ ಆ ಕುರ್ಚಿ ಹಾರ್ಮೆನ್‌ನ ದೋಣಿಗೆ ಹೋಯಿತು. ಒಂಬತ್ತು ಗಂಟೆ ಹೊಡೆಯುವ ಮೊದಲೇ ಯೆಲ್ಮರ್ ನಾಯಿಯನ್ನು ಕರೆದುಕೊಂಡು ಒಡ್ಡಿನ ಮೇಲೆ ಕುಂಟುತ್ತ ನಡೆದು ತಾನು ಹಾಯಿ ಹೊಲಿಯುವ ಅಟ್ಟಕ್ಕೆ ಹೋಗತೊಡಗಿದ. ಅಲ್ಲಿ ನೆಲದ ತುಂಬ ಹರಡಿದ್ದ ಬಟ್ಟೆಯ ಮಡಿಕೆಗಳಲ್ಲಿ ಒಣಮಾಂಸದ ಚೂರುಗಳನ್ನು ಬಚ್ಚಿಟ್ಟು "ಹುಡುಕು" ಎನ್ನುತ್ತಿದ್ದ. ಮೊದಲ ದಿನ ಬಿಂಟ್ಯೆ ಅವನ ಬಲಗೈಯನ್ನೇ ನೋಡುತ್ತ ನಿಂತಿತು. ಎರಡನೆಯ ದಿನವೂ ಅಷ್ಟೇ. ಐದನೆಯ ದಿನ ಮೂಗು ಒಮ್ಮೆ ಅಲುಗಿತು. ಎರಡನೆಯ ವಾರದಲ್ಲಿ ಇಡೀ ಅಟ್ಟವನ್ನು ಮೂಸಿ, ಡಾಂಬರು ಹಚ್ಚಿದ ಹಗ್ಗದ ಸುರುಳಿಯೊಳಗಿಂದ ಒಂದು ಚೂರನ್ನು ಹೊರಗೆಳೆದು, ಬಾಲ ಎತ್ತಿ ಅವನ ಮುಖ ನೋಡಿತು. ಯೆಲ್ಮರ್ ಕನ್ನಡಕ ತೆಗೆದು ಒರೆಸಿಕೊಂಡ.

ಬಿಸಿಲು ಹೆಚ್ಚಾಗುವ ಜೂನ್ ಹೊತ್ತಿಗೆ ಹಳೆಯ ಕಂದು ಹಾಯಿಯೊಂದನ್ನು ಕತ್ತರಿಸಿ, ಅಂಚು ಮಡಚಿ ಹೊಲಿದು, ನೀರಿನ ಕಡೆಯ ಕಿಟಕಿಗಳ ಮೇಲೆ ಚಪ್ಪರದ ಹಾಗೆ ಇಳಿಬಿಟ್ಟ. ಬೆಳಕು ಒಳಗೆ ಬಂದರೂ ಕುಣಿಯುತ್ತ ಬರಲಿಲ್ಲ. ಊರಿನವರಿಗೆ ಬೇಸರವಾಯಿತು. "ಆಟ ಬಂದ್ ಆಯ್ತಾ?" ಎಂದು ಕೇಳಿದವರಿಗೆ "ಆಯ್ತು" ಎನ್ನುತ್ತಿದ್ದ. ಸೈಕಲ್ಲುಗಳು ಈಗ ನಿಲ್ಲದೆ ಹೋಗುತ್ತಿದ್ದವು. ಒಂದೆರಡು ದಿನ ಅದು ಅವನಿಗೆ ಚುಚ್ಚಿತು, ಸುಳ್ಳಲ್ಲ.

ವಿತ್ಸ್ಕೆಯ ಹುಟ್ಟುಹಬ್ಬ ಜುಲೈಯಲ್ಲಿ. ಕುರ್ಚಿಗಳು ಗುಂಡಗೆ ಬಿದ್ದವು, ಕಾಫಿ ಬಂತು, ಕೆನೆ ಮೆತ್ತಿದ ಕಿತ್ತಳೆ ಕೇಕು ಬಂತು. ಬಿಂಟ್ಯೆ ತನ್ನ ಚಾಪೆಯ ಮೇಲೆ ಮಲಗಿ ಮೂಳೆ ಕಡಿಯುತ್ತಿತ್ತು. ವಿತ್ಸ್ಕೆಯ ತಮ್ಮ ಆಬೆ ಲೀವಾರ್ಡನ್‌ನಿಂದ ಬಂದಿದ್ದ. ಎಲ್ಲಿ ಹೋದರೂ ನಾಲ್ಕು ಜನರನ್ನು ನಗಿಸದಿದ್ದರೆ ಅವನಿಗೆ ಸಮಾಧಾನವಿಲ್ಲ.

"ಏನು ಭಾವ, ನಾಯಿ ಕುಣಿಯೋದು ಬಿಟ್ಟುಬಿಡ್ತಂತೆ? ನೋಡೋಣ ತಾಳಿ," ಎಂದು ಫೋನಿನ ದೀಪ ಹಚ್ಚಿ ಗೋಡೆಗೆ ಬಿಟ್ಟ.

ಬಿಂಟ್ಯೆಯ ಬಾಯಿಂದ ಮೂಳೆ ಬಿತ್ತು. ಕುತ್ತಿಗೆ ನೆಟ್ಟಗಾಯಿತು.

ಬಾಗಿಲ ಪಕ್ಕದ ಕುರ್ಚಿಯಿಂದ ಯೆಲ್ಮರ್ ಎದ್ದು ನಿಂತ. "ಆರ್ಸು," ಎಂದ. ಅವನ ದನಿ ಅಷ್ಟು ದೊಡ್ಡದೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

"ತಮಾಷೆಗೆ ಭಾವ..."

"ತಮಾಷೆ ಅಲ್ಲ ಆಬೆ. ಕಾಯಿಲೆ. ನಾನೇ ಅಂಟ್ಸಿದ್ದು. ಇದೇ ಥರ ತಮಾಷೆ ಮಾಡಿ ಮಾಡಿ ಅಂಟ್ಸಿದ್ದು. ಆರ್ಸಿ ಜೇಬಲ್ಲಿಡು, ಇಲ್ಲಾಂದ್ರೆ ಕೇಕ್ ತಗೊಂಡು ಹೊರಗೆ ದಂಡೆ ಮೇಲೆ ಕೂತ್ಕೋ."

ಆಬೆ ದೀಪ ಆರಿಸಿದ. ಯೆಲ್ಮರ್ ಮೊಣಕಾಲು ನೋಯುತ್ತಿದ್ದರೂ ಕುಕ್ಕರುಗಾಲಲ್ಲಿ ಕೂತು ಅಂಗೈ ಚಾಚಿ ಮೆಲ್ಲಗೆ "ಬಿಂಟ್ಯೆ" ಎಂದ. ನಾಯಿ ಗೋಡೆ ನೋಡಿತು. ಅವನ ಕೈ ನೋಡಿತು. ಮತ್ತೆ ಗೋಡೆ ನೋಡಿತು. ಸುತ್ತ ಕೂತವರು ಬಾಯಲ್ಲಿದ್ದ ಕೇಕನ್ನು ಅಗಿಯದೆ ಕಾದರು. ಕೊನೆಗೆ ಬಿಂಟ್ಯೆ ಎದ್ದು ಬಂದು ತೇವದ ಮೂಗನ್ನು ಅವನ ಅಂಗೈಗೆ ಒತ್ತಿತು.

"ಅಬ್ಬಾ," ಎಂದ ಹಾರ್ಮೆನ್, ಉಣ್ಣೆ ಟೋಪಿಯೊಳಗಿಂದ.

ಆಬೆ ಹೊರಡುವಾಗ ಯೆಲ್ಮರ್‌ನ ಹತ್ತಿರ ಬಂದು ತಲೆ ಕೆರೆದುಕೊಂಡ. "ಗೊತ್ತಿರ್ಲಿಲ್ಲ ಭಾವ. ಬೇಜಾರಾಯ್ತಾ?"

"ಆಯ್ತು," ಎಂದ ಯೆಲ್ಮರ್. ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ ವಿತ್ಸ್ಕೆ ತಿರುಗಿ ನೋಡಿ ನಕ್ಕಳು.

ಪೂರ್ತಿ ವಾಸಿಯಾಯಿತು ಎಂದು ನಿನ್ಕೆ ಹೇಳಲಿಲ್ಲ, ಮುಂದೆಯೂ ಹೇಳುವುದಿಲ್ಲ. ಸೆಪ್ಟೆಂಬರಿನಲ್ಲಿ ಮಾತ್ರೆಯನ್ನು ಕಡಿಮೆ ಮಾಡಿ ನೋಡಿದಾಗ ಬಿಂಟ್ಯೆ ನಾಲ್ಕು ದಿನ ಮತ್ತೆ ಚಾವಣಿ ನೋಡಿತು. ಮತ್ತೆ ಮೊದಲಿನಷ್ಟೇ ಕೊಟ್ಟರು. ಗಾಳಿ ಎದ್ದು ಹಾಯಿಚಪ್ಪರ ಅಲುಗಾಡುವ ದಿನಗಳಲ್ಲಿ ಯೆಲ್ಮರ್ ನಾಯಿಯನ್ನು ಮನೆಯಲ್ಲಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಅಕ್ಟೋಬರಿನಲ್ಲಿ ಯಾರೋ ಅಪರಿಚಿತ ಹಡಗಿನವನು ಹರಿದ ಹಾಯಿಯೊಂದನ್ನು ಹೆಗಲ ಮೇಲೆ ಹೊತ್ತು ಅಟ್ಟ ಹತ್ತಿ ಬಂದ. ಮೂಲೆಯಲ್ಲಿ, ಬಟ್ಟೆಯ ರಾಶಿಯ ಮೇಲೆ, ಬಿಂಟ್ಯೆ ನಾಲ್ಕೂ ಕಾಲು ಚಾಚಿ ಬಿದ್ದುಕೊಂಡಿತ್ತು. ಗವಾಕ್ಷಿಯ ಬಿಸಿಲು ಅದರ ಹೊಟ್ಟೆಯ ಮೇಲಿತ್ತು.

"ಒಳ್ಳೆ ಕುರಿನಾಯಿ," ಎಂದ ಬಂದವನು. "ಈ ಜಾತಿ ಭಾರಿ ಚುರುಕಂತೆ. ಇವಳೇನು ಮಾಡ್ತಾಳೆ?"

ಯೆಲ್ಮರ್ ಅಂಗೈಗೆ ಕಟ್ಟಿದ್ದ ತೊಗಲಿನ ಪಟ್ಟಿಯಿಂದ ಸೂಜಿಯನ್ನು ದೂಡಿ, ದಾರ ಎಳೆದ.

"ಮಲಗ್ತಾಳೆ," ಎಂದ.

"ಅಷ್ಟೇನಾ?"

"ಅಷ್ಟೇ," ಎಂದ ಯೆಲ್ಮರ್, ಮುಖವರಳಿಸಿ. "ಕೂತ್ಕೊಳ್ಳಿ, ಕಾಫಿ ಕುಡಿಯೋಣ. ಹೇಳ್ತೀನಿ."