ಎರಡು ಬೆರಳಿನ ಜಾಗ

ದನ ಸಾಕಿ ಬಲ್ಲವರು, ಗಣಿತ ಸರಿಯಾಗಿ ಓದಿದವರು ಇಷ್ಟು ಜನ ಇರುವಾಗ ಇದನ್ನು ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ. ಹೊಸಕೆರೆಹಳ್ಳಿಯ ಬಾಡಿಗೆ ಮನೆಗಳ ನಡುವೆ ಉಳಿದಿದ್ದ ಒಂದು ಕೊಟ್ಟಿಗೆಯಲ್ಲಿ ಜಯಾ ಮೂರನೇ ಸಲ ಕರುವಿನ ಎದೆಗೆ ಟೇಪು ಸುತ್ತಿದಳು. ಮತ್ತೆ ಎಂಬತ್ತಾರೇ ಸೆಂಟಿಮೀಟರು. ಹದಿನೈದು ದಿನದ ಹಿಂದೆ ತೊಂಬತ್ತೊಂದಿತ್ತು.

ಸಂಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದ ಜಯಾ, ಕರುಗಳ ಬೆಳವಣಿಗೆಯ ಸಂಶೋಧನೆಯೊಂದರಲ್ಲಿ ಅಳತೆ ಬರೆದುಕೊಳ್ಳುವ ಸಹಾಯಕಿ. ಎದೆಯ ಸುತ್ತಳತೆಯಿಂದ ತೂಕ, ತೂಕಗಳಿಂದ ಒಂದು ಸಮೀಕರಣ, ಅದರಿಂದ ಮೊಬೈಲಿನಲ್ಲಿ ಮೆಲ್ಲಗೆ ಏರುವ ಒಂದು ಗೆರೆ. ಗೆರೆ, ಹಾಲು ಬಿಡಿಸತೊಡಗಬಹುದಾದ ಅರವತ್ತೈದು ಕಿಲೋ ದಾಟಿದ್ದನ್ನು ನೋಡಿಯೇ ಅವಳು ಹೋದ ಸಲ, ಇನ್ನು ಹಾಲು ಅರ್ಧಕ್ಕಿಳಿಸಿ ಎಂದು ಒಡತಿಗೆ ಹೇಳಿದ್ದು. ಈಗ ಕರುವಿನ ಸೊಂಟದ ಮೂಳೆ ಎದ್ದು ಕಾಣುತ್ತಿತ್ತು. ಬೇರೆಯವರನ್ನು ಹತ್ತಿರ ಸೇರಿಸದ ಕರು ಇವತ್ತು ಅವಳನ್ನು ಒದೆಯಲೂ ಇಲ್ಲ.

ಫೋನಿನಲ್ಲಿ ಸಂಶೋಧಕ ಚೈತನ್ಯ ನಕ್ಕ. "ಕರು ಹಿಂದಕ್ಕೆ ಬೆಳೆಯಲ್ಲ ಜಯಾ. ಟೇಪ್ ಬಿಗಿಯಾಗಿ ಹಿಡಿದಿರ್ತೀರ. ಇವತ್ತಿನ ರೀಡಿಂಗ್ ತೆಗೆದುಹಾಕಿ, ಮಿಕ್ಕಿದ್ದೆಲ್ಲಾ ಸಖತ್ತಾಗಿ ಕೂತಿದೆ. ಆರು ಗಂಟೆಗೆ ರಿಪೋರ್ಟ್ ಬೇಕು."

ಅವಳೇ ಟೇಪು ಹಿಡಿದದ್ದು ಇವತ್ತೇ ಮೊದಲು; ತಪ್ಪು ತನ್ನದೇ ಇರಬೇಕು ಎಂದುಕೊಂಡಳು. ಯಾವಾಗಲೂ ಟೇಪು ಹಿಡಿಯುತ್ತಿದ್ದವರು ಕರುವಿನ ಒಡತಿ ಮುನಿಲಕ್ಷ್ಮಮ್ಮ. ಅವರು ಕೂಗಿದ್ದನ್ನು ಜಯಾ ಬಾಗಿಲಲ್ಲಿ ನಿಂತು ಬರೆದುಕೊಳ್ಳುತ್ತಿದ್ದಳು.

"ಆಂಟಿ, ನೀವು ಹಿಡಿಯೋ ಥರ ಒಂದ್ಸಲ ಹಿಡೀರಿ."

ಮುನಿಲಕ್ಷ್ಮಮ್ಮ ಟೇಪು ಸುತ್ತಿ, ಅದರಡಿ ಎರಡು ಬೆರಳು ತೂರಿಸಿದರು. "ತೊಂಬತ್ತೊಂದು."

"ಬೆರಳು ಯಾಕಾಂಟಿ?"

"ಬೆಳೆಯೋ ಕರು ಕಣವ್ವ! ಕೊರಳಿಗೆ ಹಗ್ಗ ಕಟ್ಟೋವಾಗ್ಲೂ ಎರಡು ಬೆರಳು ಜಾಗ ಬಿಟ್ಟೇ ಕಟ್ಟೋದು. ನಿಮ್ ಕಾಲೇಜಲ್ಲಿ ಇಷ್ಟೂ ಹೇಳ್ಕೊಡಲ್ವಾ?"

ಜಯಾ ಮೊಬೈಲಿನ ಗೆರೆಯನ್ನು ಮತ್ತೆ ನೋಡಿದಳು. ಹಾಗಾದರೆ ಮೊದಲ ದಿನದಿಂದ ಬರೆದದ್ದೆಲ್ಲ ಹೆಚ್ಚು. ಕರು ಅರವತ್ತೈದು ಕಿಲೋ ಮುಟ್ಟಿರಲೇ ಇಲ್ಲ. ಬೆರಳಿಟ್ಟು ಅಳೆದರೆ ಇವತ್ತೂ ಅದೇ ತೊಂಬತ್ತೊಂದು; ಹಾಲು ಇಳಿಸಿದ ಮೇಲೆ ಒಂದಿಷ್ಟೂ ಬೆಳೆದಿಲ್ಲ.

"ಆಂಟಿ, ಹಾಲು ಕಮ್ಮಿ ಮಾಡಿ ಅಂದಿದ್ದು ತಪ್ಪಾಯ್ತು. ನಂದೇ ತಪ್ಪು."

ಮುನಿಲಕ್ಷ್ಮಮ್ಮ ಟೇಪನ್ನು ಸುತ್ತುತ್ತಾ ಅವಳ ಮುಖ ನೋಡಲಿಲ್ಲ. "ನಂಗವತ್ತೇ ಅನ್ನಿಸ್ತು. ಓದಿರೋಳು ನೀನು, ನಾನೇನ್ ಹೇಳೋದು ಅಂತ ಸುಮ್ನಾದೆ."

ಜಯಾ ಮತ್ತೆ ಫೋನು ಮಾಡಿದಳು. "ಸಾರ್, ಇವತ್ತಿಂದೇ ಸರಿ. ಹಿಂದಿನ ಆರು ಅಳತೆನೂ ತಪ್ಪು. ನಾನು ಹಂಗೇ ಬರೀತೀನಿ."

"ತಲೆ ಕೆಟ್ಟಿದೆಯಾ? ಇಡೀ ಮಾಡೆಲ್ ಬಿದ್ದೋಗುತ್ತೆ! ಕೆಲಸ ಬೇಡ್ವಾ ನಿಮಗೆ?"

"ಡಾಕ್ಟರ್‌ನ ಕಳಿಸಿ ಸಾರ್, ಮೊದ್ಲು." ಅವನು ಫೋನಿಟ್ಟುಬಿಟ್ಟ.

ಅವಳೇ ಹತ್ತಿರದ ಪಶುವೈದ್ಯರಿಗೆ ಫೋನು ಮಾಡಿದಳು, ಏಳಕ್ಕೆ ಬರುತ್ತೇನೆಂದರು. ಮುನಿಲಕ್ಷ್ಮಮ್ಮ ಆಗತಾನೇ ಕರೆದ ಹಾಲನ್ನು ಅವಳ ಕೈಗೆ ಕೊಟ್ಟರು. ಜಯಾ ಸಗಣಿ ನೆಲದಲ್ಲೇ ಕುಳಿತು ಪಾತ್ರೆಯನ್ನು ಕರುವಿನ ಮೂತಿಗೆ ಹಿಡಿದಳು. ಕರು ಮೂಸಿತು. ಒಮ್ಮೆ ನಾಲಿಗೆ ಅದ್ದಿ ಮುಖ ತಿರುಗಿಸಿತು. ಅವಳು ಪಾತ್ರೆ ಕದಲಿಸಲಿಲ್ಲ. ಹಾಲಿನ ನೊರೆ ಒಂದೊಂದೇ ಗುಳ್ಳೆಯಾಗಿ ಇಳಿಯುತ್ತಿತ್ತು.

ಅದು ಸೊರಗಿದ್ದು ಹಾಲಿಲ್ಲದೆಯೋ, ಒಳಗೆ ಬೇರೆ ರೋಗವಿತ್ತೋ, ಆಮೇಲೆ ಉಳಿಯಿತೋ ಇಲ್ಲವೋ, ಇಲ್ಲಿ ಹೇಳುತ್ತಿರುವವರಿಗೆ ಗೊತ್ತಿಲ್ಲ.